ಮೆಣಸಿನ ದುಡ್ಡು ಕಟ್ಟಿಸಿದ ಊರು

ಮಾಮನಿಗೆ ಪ್ಯಾರಿಸ್ ನೋಡುವ ಆಸೆ, ನನಗೆ ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್. ವಾದದಲ್ಲಿ ನಾನೇನೂ ಗೆಲ್ಲಲಿಲ್ಲ. ವಿಮಾನದ ಟಿಕೆಟ್ ದರ ನನ್ನ ಪರವಾಗಿ ಗೆದ್ದಿತು. ಮಾಮ ಎಂದರೆ ನೆಂಟನಲ್ಲ. ಧಾರವಾಡದಲ್ಲಿ ಜೊತೆಗೆ ಓದಿದ ಕುಮಟಾದ ಕೊಂಕಣಿ ಮನೆಯ ಹುಡುಗ. ಹಾಸ್ಟೆಲಿನಲ್ಲಿ ಅಂಟಿಕೊಂಡ ಹೆಸರು ತಲೆ ನರೆತರೂ ಬಿಟ್ಟಿಲ್ಲ. ಈಗ ಫ್ರಾಂಕ್‌ಫರ್ಟಿನಲ್ಲಿ ಉದ್ಯೋಗ. ನಾನು ಗೇರುಸೊಪ್ಪೆಯ ಆಚೆ ಶರಾವತಿ ಕಣಿವೆಯಲ್ಲಿ ಅಡಿಕೆ ತೋಟ ಮಾಡಿಕೊಂಡಿರುವವನು. ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಯೇ ನನ್ನ ಲಿಸ್ಬನ್ ಹುಚ್ಚಿಗೆ ಕಾರಣ. 16ನೇ ಶತಮಾನದಲ್ಲಿ ಈ ಕಣಿವೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಮಾರಿದವರ ಕಡೆ ಏನು ಉಳಿದಿದೆ ಎಂಬುದು ನಮಗೆಲ್ಲ ಗೊತ್ತು: ಕಾಡಿನೊಳಗಿನ ಚತುರ್ಮುಖ ಬಸದಿ, ಅದರ ಸುತ್ತ ಪಾಯದ ಕಲ್ಲುಗಳು. ಕೊಂಡವರ ಕಡೆ ಏನಿದೆ ಎಂದು ನೋಡಬೇಕಿತ್ತು.

ಅಕ್ಟೋಬರ್ ಕಡೆಯ ವಾರ, ಕೊನೆಕೊಯ್ಲು ಶುರುವಾಗುವ ಮುಂಚಿನ ಬಿಡುವು. ವೀಸಾ ಮತ್ತು ವಿಮಾನದ ಪುರಾಣ ಬೇಡ. ಮಾಮ ಫ್ರಾಂಕ್‌ಫರ್ಟಿನಿಂದ ಬಂದು ಲಿಸ್ಬನ್ ವಿಮಾನ ನಿಲ್ದಾಣದಲ್ಲೇ ನನಗಾಗಿ ಕಾದಿದ್ದ.

ಶನಿವಾರ

ವಿಮಾನ ನಿಲ್ದಾಣದ ಬುಡದಿಂದಲೇ ಊರ ನಡುವಿಗೆ ಮೆಟ್ರೊ ಇದೆ. ಅಲ್ಲಿಯ ಯಂತ್ರದಲ್ಲಿ ಒಂದು ಕಾರ್ಡ್ ಕೊಂಡು ಹಣ ತುಂಬಿಸಿಕೊಂಡರೆ ಮೆಟ್ರೊ, ಟ್ರಾಮ್, ಬಸ್, ನದಿ ದಾಟುವ ಲಾಂಚು ಎಲ್ಲಕ್ಕೂ ಅದೇ ನಡೆಯುತ್ತದೆ. ಆದರೆ ತಲೆಗೊಂದು ಕಾರ್ಡ್ ಬೇಕು. ಒಂದರಲ್ಲೇ ಇಬ್ಬರು ನುಗ್ಗುವ ನಮ್ಮ ಜಾಣತನಕ್ಕೆ ಅಲ್ಲಿಯ ಗೇಟು ಒಪ್ಪುವುದಿಲ್ಲ.

ಕೋಣೆ ಬೈಶಾ ಎಂಬ ತಗ್ಗಿನ ಪೇಟೆಯಲ್ಲಿ, ನಾಲ್ಕನೆಯ ಮಹಡಿ. ಲಿಫ್ಟ್ ಇಲ್ಲ. ಮರದ ಮೆಟ್ಟಿಲು ಹೆಜ್ಜೆಹೆಜ್ಜೆಗೂ ನರಳುತ್ತಿತ್ತು. ನನ್ನ ಮುಖ ನೋಡಿ ಮನೆಯೊಡತಿ ಗೋಡೆಯನ್ನು ಅಂಗೈಯಿಂದ ತಟ್ಟಿ, “ಹೆದರಬೇಡಿ, ಒಳಗೆ ಮರದ ಪಂಜರವಿದೆ, ಭೂಮಿ ನಡುಗಿದರೂ ನಿಲ್ಲುತ್ತದೆ” ಎಂದರು. ಬಂದ ಅತಿಥಿಗೆ ಮೊದಲ ಮಾತಿನಲ್ಲೇ ಭೂಕಂಪದ ಸುದ್ದಿ ಹೇಳುವ ಊರನ್ನು ನಾನು ಹಿಂದೆ ಕಂಡಿರಲಿಲ್ಲ. ಆದರೆ ಲಿಸ್ಬನ್‌ನಲ್ಲಿ ಯಾವ ಮಾತು ಎಲ್ಲಿಂದ ಹೊರಟರೂ 1755ಕ್ಕೆ ಬಂದು ಮುಟ್ಟುತ್ತದೆ. ಆ ವರ್ಷದ ನವೆಂಬರ್ 1, ಸಕಲ ಸಂತರ ಹಬ್ಬ. ಜನರೆಲ್ಲ ಬೆಳಗಿನ ಪೂಜೆಗೆ ಚರ್ಚುಗಳಲ್ಲಿ ಸೇರಿದ್ದ ಹೊತ್ತಿಗೆ ಭೂಮಿ ನಡುಗಿತು. ಬದುಕಿದವರು ಬಯಲು ಹುಡುಕಿಕೊಂಡು ನದಿ ದಂಡೆಗೆ ಓಡಿದರೆ ಸಮುದ್ರ ಉಕ್ಕಿ ಬಂತು. ಉಳಿದದ್ದನ್ನು ಬೆಂಕಿ ದಿನಗಟ್ಟಲೆ ಸುಟ್ಟಿತು. ಊರನ್ನು ಮತ್ತೆ ಕಟ್ಟಿಸಿದ ಮಂತ್ರಿ ಮುಂದೆ ಪೊಂಬಾಲಿನ ಮಾರ್ಕ್ವಿಸ್ ಎಂದು ಹೆಸರಾದ. ಗೋಡೆಯೊಳಗೆ ಅಡ್ಡ, ಉದ್ದ, ಓರೆಯಾಗಿ ತೊಲೆಗಳನ್ನು ಹೆಣೆದು ಪಂಜರ ಮಾಡಿ, ಅದರ ಮಾದರಿಯ ಸುತ್ತ ಸೈನಿಕರನ್ನು ಕವಾಯತು ಮಾಡಿಸಿ, ನೆಲ ಅದುರಿದರೆ ತಡೆಯುತ್ತದೆಯೇ ಎಂದು ಪರೀಕ್ಷಿಸಿದರಂತೆ. ಅದನ್ನು ಕೇಳಿದ ಮೇಲೆ ಮೆಟ್ಟಿಲಿನ ನರಳಾಟದ ಬಗ್ಗೆ ನಾನು ದೂರಲಿಲ್ಲ.

ಸಂಜೆ ಬೀದಿಗೆ ಇಳಿದಾಗ ಊರಿನ ತುಂಬ ಹೊಗೆ. ಮೂಲೆಮೂಲೆಯಲ್ಲಿ ತಳ್ಳುಗಾಡಿಯ ಮೇಲೆ ಚೆಸ್ಟ್‌ನಟ್ ಸುಡುತ್ತಾರೆ. ಉಪ್ಪಿನಲ್ಲಿ ಹೊರಳಿಸಿ ಸುಟ್ಟು, ಬೂದಿ ಮೆತ್ತಿದ ಬಿಸಿ ಬೀಜಗಳನ್ನು ಕಾಗದದ ಪೊಟ್ಟಣದಲ್ಲಿ ಎಣಿಸಿ ಕೊಡುತ್ತಾರೆ. ಸಿಪ್ಪೆ ಬಿಡಿಸಿದರೆ ಒಳಗೆ ಹಿಟ್ಟುಹಿಟ್ಟಾದ ಸಿಹಿ. ಪೊಟ್ಟಣ ಹಿಡಿದುಕೊಂಡೇ ನೇರ ಬೀದಿಯಲ್ಲಿ ನಡೆದು, ದೊಡ್ಡ ಕಮಾನಿನ ಕೆಳಗೆ ಹಾಯ್ದು, ನದಿ ದಂಡೆಯ ವಿಶಾಲ ಚೌಕಕ್ಕೆ ಬಂದೆವು. ನಕಾಶೆಯಲ್ಲಿ ಅದರ ಹೆಸರು ವಾಣಿಜ್ಯ ಚೌಕ. ಊರಿನವರ ಬಾಯಲ್ಲಿ ಇಂದಿಗೂ ಅದು ಅರಮನೆಯ ಅಂಗಳ, ತೆರೈರು ದು ಪಾಸು. ಅರಮನೆ ಇಲ್ಲವಾಗಿ ಎರಡೂವರೆ ಶತಮಾನ ಕಳೆದರೂ ಅಂಗಳ ಉಳಿದುಕೊಂಡಿದೆ.

ನಾನು ಮೊದಲು ನೋಡಬೇಕೆಂದಿದ್ದದ್ದು ಇದನ್ನೇ. ದೊರೆ ಮ್ಯಾನುವೆಲ್ ಬೆಟ್ಟದ ಮೇಲಿನ ಕೋಟೆ ಬಿಟ್ಟು ನದಿಯ ದಂಡೆಗೆ ಅರಮನೆ ತಂದದ್ದು ಹಡಗುಗಳ ಮೇಲೆ ಕಣ್ಣಿಡಲು. ಅರಮನೆಯ ಮಗ್ಗುಲಲ್ಲೇ ‘ಇಂಡಿಯಾ ಮನೆ’, ಕಾಸ ದ ಇಂದಿಯ. ನಮ್ಮ ಕರಾವಳಿಯಿಂದ ಹೋದ ಮೆಣಸು ಇಳಿದದ್ದು, ತೂಗಿಸಿಕೊಂಡದ್ದು ಇಲ್ಲೇ, ಆಂಟ್‌ವರ್ಪ್‌ ಪೇಟೆಗೆ ಸಾಗಿದ್ದು ಇಲ್ಲಿಂದಲೇ. ಭೂಕಂಪ ಕಟ್ಟಡವನ್ನು ಮಾತ್ರವಲ್ಲ, ಅದರ ಕಡತಗಳನ್ನೂ ನುಂಗಿತು. ಚೌಕದ ನಡುವೆ ಈಗ ಕುದುರೆಯೇರಿದ ದೊರೆ ಜೋಸೆಫ್‌ನ ಕಂಚಿನ ಪ್ರತಿಮೆ ಇದೆ, 1775ರದು. ಪೀಠದ ಒಂದು ಬದಿಯಲ್ಲಿ ಕಲ್ಲಿನ ಆನೆ. ಪ್ರವಾಸಿಗಳು ದೊರೆಯ ಮುಖ ಸೇರಿಸಿಕೊಂಡು ಫೋಟೊ ತೆಗೆಯುತ್ತಿದ್ದರು. ನಾವು ಆನೆಯ ಪಕ್ಕ ನಿಂತೆವು. ನದಿಗೆ ಇಳಿಯುವ ಮೆಟ್ಟಿಲುಗಳ ಇಬ್ಬದಿಗೆ ಎರಡು ಕಂಬಗಳಿವೆ. ಭರತದ ನೀರು ಕೆಳಗಿನ ಮೆಟ್ಟಿಲು ಮುಚ್ಚಿತ್ತು. ಹೆಸರಿಗೆ ತೇಜು ನದಿಯಾದರೂ ಇಲ್ಲಿ ಅದು ಸಮುದ್ರದ ಉಸಿರಾಟಕ್ಕೇ ಏರಿಳಿಯುತ್ತದೆ.

ಊಟದ ಕಥೆ ಸ್ವಲ್ಪ ಹೇಳಬೇಕು. ಕುರ್ಚಿಯಲ್ಲಿ ಕುಳಿತ ಕೂಡಲೇ ಮಾಣಿ ಬ್ರೆಡ್ಡು, ಆಲಿವ್, ಗಿಣ್ಣದ ತುಂಡು ತಂದಿಟ್ಟ. ಎಂಥ ಉಪಚಾರ ಎಂದು ನಾನು ಹೊಗಳುತ್ತ ಎಲ್ಲವನ್ನೂ ಮುಗಿಸಿದೆ. ಬಿಲ್ಲಿನಲ್ಲಿ ಒಂದೊಂದಕ್ಕೂ ಬೆಲೆ ಇತ್ತು. ಅದು ಅಲ್ಲಿಯ ಪದ್ಧತಿ, ಮೋಸವಲ್ಲ. ಬೇಡವಾದರೆ ಮುಟ್ಟದೆ ಪಕ್ಕಕ್ಕೆ ಸರಿಸಿದರೆ ಲೆಕ್ಕಕ್ಕೆ ಬರುವುದಿಲ್ಲ. ಇನ್ನು ಸೂಪು: ಆಲೂಗಡ್ಡೆ ಬೇಯಿಸಿ ಅರೆದು, ನೂಲಿನಂತೆ ಹೆಚ್ಚಿದ ಎಲೆಕೋಸಿನ ಜಾತಿಯ ಹಸಿರು ಸೊಪ್ಪು ಹಾಕಿದ ‘ಕಾಲ್ದು ವೆರ್ದ್’. ಸಸ್ಯಾಹಾರಿಗೆ ಹೇಳಿ ಮಾಡಿಸಿದ್ದು ಎನ್ನುವಷ್ಟರಲ್ಲಿ ನಡುವೆ ಕೆಂಪು ಸಾಸೇಜಿನ ಒಂದು ಬಿಲ್ಲೆ ತೇಲುತ್ತಿರುತ್ತದೆ. ‘ಶೋರಿಸು ಇಲ್ಲದೆ’ ಎಂದು ಮೊದಲೇ ಹೇಳಬೇಕು. ಹೇಳಿದರೂ ಕೆಲವೆಡೆ ಬಿಲ್ಲೆಯನ್ನು ಎತ್ತಿ ಹಾಕಿ ಅದೇ ಬಟ್ಟಲು ತರುತ್ತಾರೆ. ಎದುರಿಗೆ ಮಾಮ ಒಣಗಿಸಿದ ಕಾಡ್ ಮೀನು, ಮೊಟ್ಟೆ, ಕಡ್ಡಿಯಂತೆ ಹೆಚ್ಚಿದ ಆಲೂಗಡ್ಡೆ ಕಲಸಿದ ತಟ್ಟೆಯ ಮುಂದೆ ಕಣ್ಣು ಮುಚ್ಚಿ ಕುಳಿತಿದ್ದ. ಪ್ಯಾರಿಸ್‌ನ ಹೆಸರು ಆಮೇಲೆ ಅವನ ಬಾಯಲ್ಲಿ ಬರಲಿಲ್ಲ.

ಭಾನುವಾರ

ಬೆಲೆಂ ಊರಿನ ಪಶ್ಚಿಮದ ತುದಿ, ನದಿ ಸಮುದ್ರ ಸೇರುವ ದಿಕ್ಕಿಗೆ. 15ನೇ ನಂಬರಿನ ಟ್ರಾಮ್ ದಂಡೆಯುದ್ದಕ್ಕೂ ಹೋಗುತ್ತದೆ. ವಾಸ್ಕೊ ಡ ಗಾಮ 1497ರಲ್ಲಿ ಹೊರಟದ್ದು ಇಲ್ಲಿಂದ. ಹಿಂದಿರುಗುವ ದಾರಿಯಲ್ಲಿ ಹಡಗು ಶುಚಿ ಮಾಡಿಕೊಂಡದ್ದು ನಮ್ಮ ಕಾರವಾರದ ಬಳಿಯ ಅಂಜುದ್ವೀಪದಲ್ಲಿ. ಟ್ರಾಮಿನಲ್ಲಿ ಇದನ್ನು ಮಾಮನಿಗೆ ಹೇಳುತ್ತಿದ್ದರೆ ಅವನು, “ನೀನು ಪ್ರವಾಸಕ್ಕೆ ಬಂದಿದ್ದೀಯೋ ಬಾಕಿ ವಸೂಲಿಗೋ?” ಎಂದ.

ಜೆರೋನಿಮುಸ್ ಮಠದ ಮುಂದೆ ನಿಂತಾಗ ಬಾಕಿ ದೊಡ್ಡದೇ ಅನ್ನಿಸಿತು. ಕೆನೆಬಣ್ಣದ ಸುಣ್ಣಕಲ್ಲು, ದಕ್ಷಿಣದ ಬಾಗಿಲಿನ ಸುತ್ತ ಬೊಗಸೆಯಷ್ಟು ಜಾಗವನ್ನೂ ಖಾಲಿ ಬಿಟ್ಟಿಲ್ಲ. 1501ರಲ್ಲಿ ಶುರುವಾಗಿ ಮುಗಿಯಲು ಸುಮಾರು ಒಂದು ಶತಮಾನ ಹಿಡಿದ ಕೆಲಸ. ಆಫ್ರಿಕ ಮತ್ತು ಪೂರ್ವ ದೇಶಗಳ ವ್ಯಾಪಾರದ ಮೇಲೆ ಹಾಕಿದ ಶೇ. 5ರ ತೆರಿಗೆಯಿಂದ ಹಣ ಬಂತು. ವರ್ಷಕ್ಕೆ ಸುಮಾರು 70 ಕೆ.ಜಿ. ಚಿನ್ನದಷ್ಟು ಎನ್ನುತ್ತಾರೆ. ಆ ತೆರಿಗೆಯ ಹೆಸರೇ ಮೆಣಸಿನದು. ತಮಾಷೆಯೆಂದರೆ ಮೆಣಸು, ದಾಲ್ಚಿನ್ನಿ, ಲವಂಗ ಮೂರರ ಗಳಿಕೆ ಇದರಲ್ಲಿ ಸೇರಿರಲಿಲ್ಲ; ಅದು ನೇರವಾಗಿ ದೊರೆಯ ಖಜಾನೆಗೆ. ಅಂದರೆ ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದದ್ದು ಚಿಲ್ಲರೆ ಹಣದಲ್ಲಿ ಕಟ್ಟಿದ್ದನ್ನು.

ಚರ್ಚಿಗೆ ಶುಲ್ಕವಿಲ್ಲ, ಒಳಾಂಗಣದ ಮೊಗಸಾಲೆಗೆ ಟಿಕೆಟ್ ಇದೆ, ಸೋಮವಾರ ರಜೆ. ಭಾನುವಾರ ಬೆಳಿಗ್ಗೆ ಪೂಜೆ ಮುಗಿಯುವ ತನಕ ಪ್ರವಾಸಿಗಳು ಹೊರಗೇ ಕಾಯಬೇಕು. ಬಾಗಿಲಿನೊಳಗೆ ಕಾಲಿಟ್ಟರೆ ಎಡಕ್ಕೆ ಗಾಮನ ಸಮಾಧಿ, ಬಲಕ್ಕೆ ಅವನ ಯಾನವನ್ನು ಹಾಡಿದ ಕವಿ ಕಮೋಯಿಸ್‌ನದು. ಎರಡೂ 19ನೇ ಶತಮಾನದ ಕೆತ್ತನೆ. ಗಾಮ ಕೈಜೋಡಿಸಿ ಮಲಗಿದ್ದಾನೆ. ಜನ ಅಲ್ಲಿ ಮುತ್ತಿಕೊಂಡಿದ್ದರು. ನನಗೆ ಇಷ್ಟವಾದದ್ದು ಚರ್ಚಿನ ತೀರಾ ಒಳಗೆ, ಬಲಿಪೀಠದ ಇಕ್ಕೆಲಗಳಲ್ಲಿ ಇದ್ದ ರಾಜರ ಸಮಾಧಿಗಳು. ದೊರೆ ಮ್ಯಾನುವೆಲ್‌ನ ಕಲ್ಲಿನ ಪೆಟ್ಟಿಗೆಯನ್ನು ಹೊತ್ತು ನಿಂತಿರುವುದು ಅಮೃತಶಿಲೆಯ ಆನೆಗಳು. ಪೂರ್ವದ ಹಣದಲ್ಲಿ ಬದುಕಿದವನು ಸತ್ತ ಮೇಲೂ ಪೂರ್ವದ ಬೆನ್ನಿನಿಂದ ಇಳಿದಿಲ್ಲ. ಮಾಮ ಆನೆಯ ಸೊಂಡಿಲನ್ನು ಬಹಳ ಹೊತ್ತು ನೋಡಿ, “ಕೆತ್ತಿದವನು ನಮ್ಮ ಕಡೆಯವನಲ್ಲ” ಎಂದು ತೀರ್ಪು ಕೊಟ್ಟ.

ಮೊಗಸಾಲೆಗೆ ಟಿಕೆಟ್ ದುಬಾರಿಯಾದರೂ ತಪ್ಪಿಸಬಾರದು. ಎರಡು ಅಂತಸ್ತಿನ ಚೌಕಟ್ಟು ಮೊಗಸಾಲೆ. ಕಂಬಗಳ ಮೇಲೆ ಹಗ್ಗ, ಗಂಟು, ಹವಳ, ಪಾಚಿ, ಗೋಳಯಂತ್ರ. ಹಡಗಿನ ಹಗ್ಗವನ್ನು ದೇವರ ಮನೆಯಲ್ಲಿ ಕೆತ್ತಲು ಯಾರಿಗೂ ಸಂಕೋಚವಾಗಿಲ್ಲ. ಮೆಣಸಿನ ಬಳ್ಳಿಯನ್ನು ಹುಡುಕಿಕೊಂಡು ಕಂಬದಿಂದ ಕಂಬಕ್ಕೆ ಅಲೆದೆ. ದ್ರಾಕ್ಷಿ ಸಿಕ್ಕಿತು, ಓಕ್ ಎಲೆ ಸಿಕ್ಕಿತು. ಮೆಣಸು ಕಾಣಲಿಲ್ಲ. ಬಳ್ಳಿಯನ್ನು ಕಣ್ಣಾರೆ ಕಂಡ ಶಿಲ್ಪಿ ಆ ಹೊತ್ತಿಗೆ ಈ ಊರಿನಲ್ಲಿ ಇದ್ದಿರಲಾರ.

ಮಠದ ಪಕ್ಕದಲ್ಲೇ 1837ರಿಂದ ಕೆನೆಯ ಕಡುಬು ಸುಡುವ ಅಂಗಡಿ. 1834ರಲ್ಲಿ ದೇಶದ ಮಠಗಳನ್ನೆಲ್ಲ ಮುಚ್ಚಿದಾಗ ಅಲ್ಲಿಯ ಪಾಕವಿಧಾನ ಹೊರಬಂದು ಈ ಅಂಗಡಿ ಸೇರಿತು, ಇಂದಿಗೂ ಗುಟ್ಟು. ಬೀದಿಯ ತುಂಬ ಸಾಲು ಕಂಡು ಹಿಂಜರಿಯಬೇಕಾಗಿಲ್ಲ. ಅದು ಕಟ್ಟಿಸಿಕೊಂಡು ಹೋಗುವವರ ಸಾಲು. ಒಳಗೆ ನೀಲಿ ಹೆಂಚು ಹಾಕಿದ ಕೋಣೆಯ ಹಿಂದೆ ಕೋಣೆ. ಕುಳಿತು ತಿನ್ನುವವರಿಗೆ ಜಾಗ ಬೇಗ ಸಿಗುತ್ತದೆ. ಅಂಗೈ ಅಗಲದ ಗರಿಗರಿ ಪದರ, ನಡುವೆ ಕಂದಿದ ಹಳದಿ ಕೆನೆ, ಮೇಲೆ ದಾಲ್ಚಿನ್ನಿ ಪುಡಿ. ಕೆನೆಯಲ್ಲಿ ಇರುವುದು ಮೊಟ್ಟೆಯ ಹಳದಿ. ಇದನ್ನು ಓದುತ್ತಿರುವ ನಮ್ಮ ಮನೆಯವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಬಹುದು. ಎಷ್ಟು ತಿಂದೆ ಎಂಬುದನ್ನು ಮಾಮ ಹೇಳುವುದಿಲ್ಲ. ಅವನು ಊರಲ್ಲಿ ಏನು ಕುಡಿಯುತ್ತಾನೆ ಎಂಬುದನ್ನು ನಾನೂ ಹೇಳಿಲ್ಲ.

ಬೆಲೆಂ ಗೋಪುರ ಒಂದಿಷ್ಟು ದೂರ, ದಂಡೆಯ ಮೇಲೆ ನಡೆಯುವ ದಾರಿ ಚೆನ್ನಾಗಿದೆ. ಮೇಲೇರುವವರ ಸಾಲು ನೋಡಿ ಹೊರಗಿನಿಂದಲೇ ಸಾಕೆಂದೆವು. ನಾನು ಹುಡುಕುತ್ತಿದ್ದದ್ದೂ ಹೊರಗೇ ಇತ್ತು. ಕೆಳಗಿನ ಕಾವಲು ಗೂಡೊಂದರ ಅಡಿಯಲ್ಲಿ ಖಡ್ಗಮೃಗದ ತಲೆ, ಮಳೆಗಾಳಿಗೆ ಸವೆದು ಈಗ ಕೋಡು ಎಲ್ಲಿತ್ತೆಂದು ಊಹಿಸಬೇಕು. ಗುಜರಾತಿನ ಸುಲ್ತಾನ ಎರಡನೆಯ ಮುಜಫರ್ ಷಾ ಗೋವೆಯ ಪೋರ್ಚುಗೀಸ್ ಅಧಿಪತಿ ಆಲ್ಬುಕರ್ಕ್‌ಗೆ ಕೊಟ್ಟ ಪ್ರಾಣಿ ಅದು. ಗೋವೆಯಿಂದ ಹಡಗು ಹತ್ತಿ 1515ರ ಮೇ 20ರಂದು, ಈ ಗೋಪುರ ಇನ್ನೂ ಕಟ್ಟುತ್ತಿದ್ದಾಗ, ಇಲ್ಲಿಗೆ ಬಂತು. ಆನೆಗೂ ಇದಕ್ಕೂ ಹಗೆ ಎಂದು ಹಳೆಯ ಗ್ರಂಥಗಳಲ್ಲಿ ಓದಿದ್ದ ದೊರೆ ಎರಡನ್ನೂ ಎದುರುಬದುರು ಬಿಡಿಸಿದ. ಆನೆ ಓಡಿಹೋಯಿತು. ಜರ್ಮನಿಯ ಕಲಾವಿದ ಡ್ಯೂರರ್ ಪ್ರಾಣಿಯನ್ನು ನೋಡದೆಯೇ, ಬಂದ ಪತ್ರ ಮತ್ತು ರೇಖಾಚಿತ್ರದ ಆಧಾರದಲ್ಲಿ ಅದರ ಅಚ್ಚು ಕೆತ್ತಿದ. ಕೊನೆಗೆ ಪೋಪ್‌ಗೆ ಉಡುಗೊರೆಯೆಂದು ಕಳುಹಿಸಿದ ಹಡಗು 1516ರ ಆರಂಭದಲ್ಲಿ ಇಟಲಿಯ ತೀರದಲ್ಲಿ ಮುಳುಗಿ, ಸರಪಳಿಯಲ್ಲಿದ್ದ ಪ್ರಾಣಿಯೂ ಮುಳುಗಿತು. ಇಷ್ಟು ಕಥೆ ಹೊತ್ತ ತಲೆಯನ್ನು ಅಲ್ಲಿದ್ದ ನೂರಾರು ಜನರಲ್ಲಿ ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ನಾನು ಬೆರಳು ಮಾಡಿ ತೋರಿಸುತ್ತಿದ್ದಾಗ ಒಬ್ಬ ಹುಡುಗ ಬಂದು ನೋಡಿ, ತನ್ನ ತಾಯಿಗೆ “ಹಂದಿ” ಎಂದು ಹೇಳಿ ಓಡಿದನಂತೆ. ಮಾಮ ಜರ್ಮನ್ ಬಲ್ಲವನಾದ್ದರಿಂದ ಗೊತ್ತಾಯಿತು.

ಹಿಂದಿರುಗುವಾಗ ಅನ್ವೇಷಕರ ಸ್ಮಾರಕ. ನಾವೆಯ ಮೂತಿಯ ಆಕಾರ, ಐವತ್ತು ಮೀಟರಿಗೂ ಎತ್ತರ, 1960ರದು, ಸಲಾಜಾರ್‌ನ ಸರ್ವಾಧಿಕಾರದ ಕಾಲದ ಜಂಬ ಅದರ ಮೈಯಲ್ಲೇ ಇದೆ. ಸಾಲಾಗಿ ಏರುವ 33 ಕಲ್ಲಿನ ಮೂರ್ತಿಗಳಲ್ಲಿ ಹೆಂಗಸು ಒಬ್ಬಳೇ. ಎದುರಿನ ನೆಲದ ಮೇಲೆ ಬಣ್ಣದ ಕಲ್ಲಿನ ಭೂಪಟ, ಯಾವ ತೀರಕ್ಕೆ ಯಾವ ವರ್ಷ ಮುಟ್ಟಿದೆವು ಎಂಬ ಲೆಕ್ಕ. ಮಕ್ಕಳು ಅಟ್ಲಾಂಟಿಕ್ ಮೇಲೆ ಕುಂಟಾಟ ಆಡುತ್ತಿದ್ದರು. ಮಾಮ ಭಾರತದ ಪಶ್ಚಿಮ ತೀರದ ಮೇಲೆ ಶೂ ಊರಿ ನಿಂತು, “ಕುಮಟಾ ಇಲ್ಲಿ, ಹೊನ್ನಾವರ ಇಲ್ಲಿ” ಎಂದು ಫೋಟೊ ತೆಗೆಸಿಕೊಂಡ.

ರಾಷ್ಟ್ರಾಧ್ಯಕ್ಷರ ಗುಲಾಬಿ ಅರಮನೆಯ ಎದುರಿನ ತೋಟದಲ್ಲಿ ಎತ್ತರದ ಕಂಬದ ಮೇಲೆ ಆಲ್ಬುಕರ್ಕ್ ನಿಂತಿದ್ದಾನೆ. 1510ರಲ್ಲಿ ಅವನು ಗೋವೆ ಹಿಡಿಯಲು ಹೊರಟದ್ದು ಹೊನ್ನಾವರದ ತಿಮ್ಮಯ್ಯ ಎಂಬ ಕಡಲ ನಾಯಕನ ಸಲಹೆಯ ಮೇಲೆ. ಪೋರ್ಚುಗೀಸ್ ಬರಹಗಳಲ್ಲಿ ಅವನು ತಿಮೊಜ. ಅವನ ದೋಣಿಗಳೂ ಆಳುಗಳೂ ಜೊತೆಗಿದ್ದರು. ಪೀಠವನ್ನು ಒಂದು ಸುತ್ತು ಹಾಕಿದೆ. ತಿಮ್ಮಯ್ಯನ ಹೆಸರು ನನ್ನ ಕಣ್ಣಿಗೆ ಬೀಳಲಿಲ್ಲ. ಅವನಿಗೆ ಪೀಠ ಬೇಕೆಂದು ನಾನೇನೂ ವಾದಿಸುವುದಿಲ್ಲ. ಐದು ವರ್ಷ ಹಿಂದೆ, 1505ರಲ್ಲಿ, ಇದೇ ಪೋರ್ಚುಗೀಸರು ಹೊನ್ನಾವರದ ಹಡಗುಗಳಿಗೆ ಬೆಂಕಿ ಇಟ್ಟಿದ್ದರು. ಅದನ್ನು ಕಂಡೂ ಕೈ ಕುಲುಕಿದ ಮನುಷ್ಯನ ಲೆಕ್ಕಾಚಾರ ಏನಿತ್ತೋ.

ಸೋಮವಾರ

ವಸ್ತುಸಂಗ್ರಹಾಲಯಗಳು ಮುಚ್ಚಿರುವ ದಿನವನ್ನು ಟ್ರಾಮಿಗೂ ಕೋಟೆಗೂ ಇಟ್ಟುಕೊಂಡಿದ್ದೆವು. 28ನೇ ನಂಬರಿನ ಹಳದಿ ಟ್ರಾಮ್ ಹತ್ತಲು ಎಲ್ಲರೂ ಮಾರ್ಟಿಂ ಮೊನಿಜ್ ಚೌಕದಲ್ಲಿ ಸಾಲು ನಿಲ್ಲುತ್ತಾರೆ. ಮನೆಯೊಡತಿ ಹೇಳಿದಂತೆ ನಾವು ಬೆಳಿಗ್ಗೆ ಬೇಗ ಇನ್ನೊಂದು ತುದಿಗೆ, ಪ್ರಜೆರಿಶ್ ಸ್ಮಶಾನದ ಬಾಗಿಲಿಗೆ ಹೋದೆವು. ಅಲ್ಲಿ ನಾವು, ಮೂವರು ಅಜ್ಜಿಯರು ಮತ್ತು ಒಂದು ನಾಯಿ. ಕಿಟಕಿಯ ಪಕ್ಕದ ಮರದ ಸೀಟು ಸಿಕ್ಕಿತು. ಬಂಡಿ ಹಳೆಯ ಲಾಂಚಿನಂತೆ ಓಲಾಡುತ್ತ, ಕಿರುಚುತ್ತ ಇಳಿಜಾರು ಇಳಿಯಿತು. ಆಲ್ಫಾಮದ ಕಡೆಗೆ ಬೀದಿ ಎಷ್ಟು ಇರುಕೆಂದರೆ ಒಣಹಾಕಿದ ಬಟ್ಟೆ ಕೈಗೆ ಸಿಗುತ್ತದೆ. ಎದುರು ನಿಂತ ಕಾರಿನ ಕನ್ನಡಿ ತಗಲುವಂತಿದ್ದಾಗ ಚಾಲಕಿ ಬಂಡಿ ನಿಲ್ಲಿಸಿ, ಇಳಿದು, ಕನ್ನಡಿ ಮಡಚಿ ಬಂದರು. ಊರ ನಡುವೆ ಜನ ತುಂಬಿದ ಮೇಲೆ ಒಂದು ಅಜ್ಜಿ ಮಾಮನ ಚೀಲವನ್ನು ತಟ್ಟಿ ತೋರಿಸಿದರು. ಜಿಪ್ಪು ಅರ್ಧ ತೆರೆದಿತ್ತು. ಏನೂ ಹೋಗಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಸಭ್ಯ ಉಡುಪಿನ ಇಬ್ಬರು ಮುಂದಿನ ನಿಲ್ದಾಣದಲ್ಲಿ ನಗುತ್ತಲೇ ಇಳಿದರು. ಚೀಲ ಹೊಟ್ಟೆಯ ಮೇಲೆ ಇರಲಿ.

ಸಂತ ಜಾರ್ಜ್ ಕೋಟೆಯನ್ನು 1147ರಲ್ಲಿ ಪೋರ್ಚುಗಲ್ಲಿನ ಮೊದಲ ದೊರೆ ಅಫೊನ್ಸು ಎನ್ರೀಕಿಶ್ ಆಗ ಅಲ್ಲಿ ಆಳುತ್ತಿದ್ದ ಮೂರ್ ಮುಸ್ಲಿಮರಿಂದ ಗೆದ್ದ. ಕಲ್ಲಿನ ಗೋಡೆ, ಪೈನ್ ಮರ, ಎಷ್ಟು ನೋಡಿದರೂ ಮುಗಿಯದ ಕೆಂಪು ಹೆಂಚಿನ ಮಾಡುಗಳು. ಜೊತೆಗೆ ನವಿಲುಗಳು. ನಾಚಿಕೆಯಿಲ್ಲದ ನವಿಲುಗಳು, ಕಾಫಿ ಕುಡಿಯುವವರ ತಟ್ಟೆಗೇ ಕತ್ತು ಹಾಕುತ್ತವೆ. ತೋಟದ ಮೆಣಸಿನ ಕೊಡಿ ಕುಕ್ಕುವ ಜಾತಿಯನ್ನು ಟಿಕೆಟ್ ಕೊಂಡು ನೋಡಬೇಕಾಗಿ ಬಂತಲ್ಲ ಎಂದು ಗೊಣಗಿದೆ. ಮಾಮ ಕೊಂಕಣಿಯಲ್ಲಿ ನವಿಲಿಗೆ ಏನೋ ಬೈದ.

ಪಕ್ಕದ ಬೆಂಚಿನಲ್ಲಿ ಟೋಪಿ ಹಾಕಿದ ಮುದುಕರೊಬ್ಬರು ಪತ್ರಿಕೆ ಇಳಿಸಿ, “ತುಮಿ ಖಂಯ್ಚೆ?” ಎಂದರು.

ಮಡಗಾಂವದಲ್ಲಿ ಹುಟ್ಟಿ, ಗೋವೆ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದಾಗ ಓದಲು ಇಲ್ಲಿಗೆ ಬಂದವರು. 1961ರ ಡಿಸೆಂಬರಿನಲ್ಲಿ ಗೋವೆ ಭಾರತಕ್ಕೆ ಸೇರಿದ ಸುದ್ದಿಯನ್ನು ಇಲ್ಲಿಯ ಕಾಲೇಜಿನ ರೇಡಿಯೊದಲ್ಲಿ ಕೇಳಿದರಂತೆ. ಅವರ ಕೊಂಕಣಿಗೂ ಮಾಮನ ಕೊಂಕಣಿಗೂ ನಡುವೆ ಕೆಲವು ಮಾತು ಎಡವುತ್ತಿದ್ದವು. ಅಲ್ಲೆಲ್ಲ ಅವರು ಪೋರ್ಚುಗೀಸ್ ಸೇರಿಸಿದರೆ ಮಾಮ ಕನ್ನಡ ಸೇರಿಸುತ್ತಿದ್ದ, ಮಾತು ನಿಲ್ಲಲಿಲ್ಲ. ಹೊನ್ನಾವರ ಎಂದಾಗ ಅವರ ಕಣ್ಣು ಅರಳಿತು. ಕೊಂಕಣ ರೈಲಿನಲ್ಲಿ ಹಾದುಹೋಗಿದ್ದರು, ಶರಾವತಿಯ ಸೇತುವೆ ನೆನಪಿತ್ತು. “ಈ ದೇಶಕ್ಕೆ ನಮ್ಮ ಮೂಲದವನೊಬ್ಬ ಪ್ರಧಾನಿಯೂ ಆದ” ಎಂದರು. 2015ರಿಂದ 2024ರ ತನಕ ಪ್ರಧಾನಿಯಾಗಿದ್ದ ಆಂತೊನಿಯು ಕೊಸ್ತ ಅವರ ತಂದೆಯ ಮನೆತನ ಗೋವೆಯದು. “ಆದರೆ ಒಳ್ಳೆಯ ಸೊಲಾಂ ಮಾತ್ರ ಇಲ್ಲಿ ಸಿಗುವುದಿಲ್ಲ. ಯಾರಾದರೂ ಪೆಟ್ಟಿಗೆಯಲ್ಲಿ ತರಬೇಕು.” ಒಣಗಿಸಿದ ಮುರುಗಲು ಸಿಪ್ಪೆ! ನಮ್ಮ ಬೇಲಿಯಲ್ಲಿ ಬಿದ್ದು ಕೊಳೆಯುವ ಹಣ್ಣು. ವಿಳಾಸ ಕೇಳಲೇ ಎಂದುಕೊಳ್ಳುವಷ್ಟರಲ್ಲಿ ಮಗಳು ಬಂದು, ಗಾಳಿ ಜಾಸ್ತಿಯಾಯಿತೆಂದು ಅವರನ್ನು ಎಬ್ಬಿಸಿಕೊಂಡು ಹೋದರು. ಹೋಗುವಾಗ ನನ್ನನ್ನು ಒಂದೇ ಒಂದು ಕೇಳಿದರು: “ಈ ವರ್ಷ ಮಳೆ ಹೇಗೆ?”

ಮಧ್ಯಾಹ್ನವೆಲ್ಲ ಆಲ್ಫಾಮದಲ್ಲಿ ದಿಕ್ಕು ತಪ್ಪಿದೆವು. ಭೂಕಂಪಕ್ಕೆ ಹೆಚ್ಚು ಬಗ್ಗದ ಹಳೆಯ ಕೇರಿ ಇದು, ನಕಾಶೆ ಇಲ್ಲಿ ಕೆಲಸಕ್ಕೆ ಬಾರದು. ಕೆಳಗೆ ಇಳಿದರೆ ನದಿ, ಮೇಲೆ ಹತ್ತಿದರೆ ಕೋಟೆ; ಅಷ್ಟು ಗೊತ್ತಿದ್ದರೆ ಸಾಕು. ಸಾಂತ ಲುಝಿಯ ಕಟ್ಟೆಯ ಮೇಲೆ ಕಾಗದದ ಹೂವಿನ ಬಳ್ಳಿಯ ನೆರಳಲ್ಲಿ ಕುಳಿತು ಬ್ರೆಡ್ಡು, ಕಿತ್ತಳೆ ತಿಂದೆವು. ಇಳಿಹೊತ್ತಿಗೆ ಒಂದು ಹೋಟೆಲಿನ ಬಾಗಿಲಿನಿಂದ ಫಾದು ಹಾಡು ಕೇಳಿಬಂತು. ಒಳಗೆ ಕುಳಿತರೆ ಊಟದ ಕಡ್ಡಾಯ ದರವಿದೆ. ಹೊರಗಿನ ಮೆಟ್ಟಿಲಿನಲ್ಲಿ ಆ ಕೇರಿಯ ಹೆಂಗಸರು ಕುರ್ಚಿ ಹಾಕಿಕೊಂಡು ಬಟಾಣಿ ಬಿಡಿಸುತ್ತ ಪುಕ್ಕಟೆ ಕೇಳುತ್ತಿದ್ದರು. ನಾವು ಅವರ ಪಕ್ಷ ಸೇರಿದೆವು.

ಮಂಗಳವಾರ

ಮಳೆ. ನಮ್ಮ ಕಡೆಯ ಮಳೆಯ ಮುಂದೆ ಇದು ಯಾವ ಲೆಕ್ಕ ಎಂದು ಕೊಡೆ ಬಿಟ್ಟು ಹೊರಟವರಿಗೆ ನೆಲ ಪಾಠ ಕಲಿಸಿತು. ಲಿಸ್ಬನ್‌ನ ಕಾಲುದಾರಿಗಳೆಲ್ಲ ಬಿಳಿ ಸುಣ್ಣಕಲ್ಲು, ಕರಿ ಬಸಾಲ್ಟ್‌ನ ಪುಟ್ಟ ತುಂಡುಗಳನ್ನು ಕೈಯಿಂದ ಜೋಡಿಸಿ ಮಾಡಿದ ಚಿತ್ತಾರ. ಶತಮಾನದ ಕಾಲಡಿಗೆ ಸವೆದು ನುಣುಪಾದ ಕಲ್ಲಿನ ಮೇಲೆ ನೀರು ಬಿದ್ದರೆ ಸಾಬೂನು ಹಚ್ಚಿದಷ್ಟು ಜಾರು. ರೋಸಿಯೊ ಚೌಕದ ಅಲೆ ಅಲೆ ಚಿತ್ತಾರದ ನಡುವೆ ಮಾಮ ಅಂಗಾತ ಬಿದ್ದ. ಪೆಟ್ಟೇನೂ ಆಗಲಿಲ್ಲ, ಫ್ರಾಂಕ್‌ಫರ್ಟಿನ ದುಬಾರಿ ಶೂ ಮಾತ್ರ ಅಡಿ ಬಿಟ್ಟಿತು. ಊರ ಹೆಂಗಸರು ಗೋಡೆಯಂಚಿಗೆ, ಟ್ರಾಮಿನ ಹಳಿ ತಪ್ಪಿಸಿಕೊಂಡು ನಡೆಯುವುದನ್ನು ಆಮೇಲೆ ಗಮನಿಸಿದೆವು. ಹತ್ತಿರದ ಅಂಗಡಿಯಲ್ಲಿ ರಬ್ಬರ್ ಅಡಿಯ ಅಗ್ಗದ ಶೂ ಕೊಂಡ ಮಾಮ ಊರಿಗೆ ಮರಳುವ ತನಕ ಅದನ್ನೇ ಹೊಗಳಿದ.

ರೋಸಿಯೊದ ಉತ್ತರಕ್ಕೆ ರಾಷ್ಟ್ರೀಯ ರಂಗಮಂದಿರ. ಅದೇ ಜಾಗದಲ್ಲಿ ಹಿಂದೆ ಇದ್ದದ್ದು ಇನ್‌ಕ್ವಿಸಿಷನ್ನಿನ, ಎಂದರೆ ಧರ್ಮ ತಪ್ಪಿದವರನ್ನು ದಂಡಿಸುವ ಚರ್ಚಿನ ನ್ಯಾಯಾಲಯದ, ಅರಮನೆ. ಗೋವೆಯಲ್ಲಿ 1560ರಲ್ಲಿ ಆರಂಭವಾದ ಧರ್ಮವಿಚಾರಣೆಯ ಮೂಲ ಇಲ್ಲಿತ್ತು. ಮಾಮನ ಹಿರಿಯರು ದೇವರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗೋವೆ ಬಿಟ್ಟು ಕುಮಟಾ ಕಡೆಗೆ ಬಂದ ಕಥೆಯನ್ನು ಅವರ ಮನೆಯಲ್ಲಿ ನಾನೂ ಕೇಳಿದ್ದೇನೆ. ಅಲ್ಲಿಯ ತನಕ ನನ್ನ ಇತಿಹಾಸಕ್ಕೆಲ್ಲ ನಗುತ್ತಿದ್ದವನು ಆ ಕಂಬಗಳ ಮುಂದೆ ಏನೂ ಹೇಳಲಿಲ್ಲ. ಪಕ್ಕದ ಸಂತ ಡೊಮಿಂಗೊ ಚರ್ಚಿನ ಮುಂದೆ 1506ರಲ್ಲಿ ಕೊಲೆಯಾದ ಯಹೂದಿಗಳ ನೆನಪಿಗೆ ನಕ್ಷತ್ರ ಕೊರೆದ ಕಲ್ಲು ಇದೆ. ಚರ್ಚಿನೊಳಗೆ 1959ರ ಬೆಂಕಿಗೆ ಸಿಡಿದ ಕಂಬಗಳನ್ನು ಹಾಗೆಯೇ ಬಿಟ್ಟಿದ್ದಾರೆ, ಮೇಲೆ ಕೆಂಬಣ್ಣದ ಹೊಸ ಚಾವಣಿ. ಇಷ್ಟು ನೋಡಿದ ಜೆರೋನಿಮುಸ್, ಕಮಾನು, ಗೋಪುರ ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಇದು. ಎದುರಿನ ಕಿಂಡಿಯಂಗಡಿಯಲ್ಲಿ ಹುಳಿ ಚೆರಿಯ ಮದ್ಯವನ್ನು ಪುಟ್ಟ ಲೋಟದಲ್ಲಿ ಕೊಡುತ್ತಾರೆ, ನಿಂತೇ ಕುಡಿಯಬೇಕು. ಮಾಮ ಕುಡಿದ. ಹೇಳುವುದಿಲ್ಲ ಎಂದಿದ್ದೆ, ಇರಲಿ.

ಸಾಂತ ಜುಸ್ತ ಎಂಬ 1902ರ ಕಬ್ಬಿಣದ ಲಿಫ್ಟಿಗೆ ಮಳೆಯಲ್ಲೂ ಉದ್ದ ಸಾಲು. ಅದರ ಹಿಂದಿನ ಗುಡ್ಡವನ್ನು ಕಾಲ್ನಡೆಯಲ್ಲೇ ಹತ್ತಿದರೆ ಅದೇ ಎತ್ತರಕ್ಕೆ ಕಾರ್ಮು ಮಠದ ಬಳಿ ತಲುಪಬಹುದು. ಭೂಕಂಪದಲ್ಲಿ ಚಾವಣಿ ಕುಸಿದ ಈ ಚರ್ಚನ್ನು ಮತ್ತೆ ಮುಚ್ಚಲಿಲ್ಲ. ಕಲ್ಲಿನ ಕಮಾನುಗಳ ನಡುವೆ ಆಕಾಶ, ನಡುಮನೆಯಲ್ಲಿ ಹುಲ್ಲು, ಮೇಲಿನಿಂದ ಮಳೆ ನೇರವಾಗಿ. ಹೊರಗಿನ ಸಣ್ಣ ಚೌಕದಲ್ಲೇ 1974ರ ಏಪ್ರಿಲ್ 25ರಂದು ಸೈನಿಕರು ಠಾಣೆಯನ್ನು ಸುತ್ತುವರಿದು, ಒಳಗೆ ಅಡಗಿದ್ದ ಪ್ರಧಾನಿ ಕಯೆತಾನು ಶರಣಾದದ್ದು. ಸಲಾಜಾರ್ ಕಾಲದಿಂದ ಬಂದ ಸರ್ವಾಧಿಕಾರ ಮುಗಿದು, ಜನ ಬಂದೂಕಿನ ನಳಿಗೆಗೆ ಕಾರ್ನೇಷನ್ ಹೂ ಸಿಕ್ಕಿಸಿದ ದಿನ.

ಮಧ್ಯಾಹ್ನ ಬಸ್ಸಿನಲ್ಲಿ ಹೆಂಚಿನ ವಸ್ತುಸಂಗ್ರಹಾಲಯಕ್ಕೆ. ಹಳೆಯ ಕಾನ್ವೆಂಟಿನ ಮೇಲಿನ ಅಂತಸ್ತಿನಲ್ಲಿ ಸುಮಾರು 23 ಮೀಟರ್ ಉದ್ದದ ನೀಲಿ ಹೆಂಚಿನ ಚಿತ್ರವಿದೆ, ಭೂಕಂಪಕ್ಕೆ ಅರ್ಧ ಶತಮಾನ ಹಿಂದಿನ ಲಿಸ್ಬನ್. ನದಿಯ ದಂಡೆಗುಂಟ ಅರಮನೆ, ಅದರ ಮುಂದಿನ ಅಂಗಳ, ಹಡಗು, ಹಮಾಲರು. ಶನಿವಾರ ನಾನು ಚೆಸ್ಟ್‌ನಟ್ ಸುಲಿಯುತ್ತ ನಿಂತ ಜಾಗವನ್ನು ಬೆರಳಿಟ್ಟು ಹುಡುಕಿದೆ. ಕಾವಲಿನ ಹೆಂಗಸು ಎದ್ದು ಬಂದು ಬೆರಳು ತೆಗೆಯಲು ಹೇಳಿ, ನಾನು ಏನು ಹುಡುಕುತ್ತಿದ್ದೇನೆಂದು ತಿಳಿದ ಮೇಲೆ ತಾನೇ ಸರಿಯಾದ ಕಡೆ ತೋರಿಸಿದರು. ಮ್ಯೂಸಿಯಂ ಮುಚ್ಚುವ ತನಕ ನಾವು ಅದೊಂದರ ಮುಂದೆಯೇ ಇದ್ದೆವು.

ಬುಧವಾರ

ಸಂಜೆಗೆ ವಿಮಾನ. ಬೆಳಿಗ್ಗೆ ಲಾಂಚಿನಲ್ಲಿ ಆಚೆ ದಡದ ಕಸಿಲ್ಯಸ್‌ಗೆ ಹೋಗಿ ಬಂದೆವು. ಹತ್ತು ನಿಮಿಷದ ದಾರಿ, ಊರನ್ನು ಇಡಿಯಾಗಿ ನೋಡಲು ಇದಕ್ಕಿಂತ ಅಗ್ಗದ ಟಿಕೆಟ್ ಇಲ್ಲ. ಆಮೇಲೆ ಮಾರ್ಟಿಂ ಮೊನಿಜ್‌ನ ಹಿಂದಿನ ಬೀದಿ. ಬಾಂಗ್ಲಾದೇಶ, ನೇಪಾಳ, ಪಂಜಾಬಿನವರ ಅಂಗಡಿಗಳು ಸಾಲಾಗಿ; ಹಸಿಮೆಣಸು, ಕೊತ್ತಂಬರಿ ಸೊಪ್ಪು, ಬೇಳೆ. ಅನ್ನ ಸಾರು ಕಂಡು ನನಗೆ ಜೀವ ಬಂತು.

ಊಟವಾದ ಮೇಲೆ ಪಕ್ಕದ ದಿನಸಿ ಅಂಗಡಿಗೆ ಹೊಕ್ಕೆ. ಕಾಳುಮೆಣಸಿನ ಪ್ಯಾಕೆಟ್ ಎತ್ತಿ, ಅಭ್ಯಾಸದಂತೆ ಕಾಳಿನ ಗಾತ್ರ ನೋಡಿ, ಹಿಂದೆ ತಿರುಗಿಸಿದೆ. ವಿಯೆಟ್ನಾಂನದು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವ ದೇಶ ಅದೇ ಎಂಬುದು ಗೊತ್ತಿಲ್ಲದ ಸಂಗತಿಯಲ್ಲ. ಸಿರ್ಸಿ ಮಾರುಕಟ್ಟೆಯಲ್ಲಿ ದರ ಬಿದ್ದಾಗಲೆಲ್ಲ ನಾವು ಅದರ ಹೆಸರು ಹೇಳಿ ಬೈಯುತ್ತೇವೆ. ಅಂಗಡಿಯವನು ಸಿಲ್ಹೆಟ್‌ನವನು, ಹಿಂದಿ ಚೆನ್ನಾಗಿ ಬರುತ್ತಿತ್ತು. ನಾನು ಬೆಳೆಗಾರನೆಂದು ಮಾಮ ಹೇಳಿದ್ದೇ ತಡ, “ಕಿಲೋಗೆ ಏನು ಭಾವ? ಎಷ್ಟು ಟನ್ ಕೊಡುತ್ತೀರಿ?” ಎಂದು ಮೊಬೈಲ್ ತೆಗೆದ. ನಮ್ಮದು ಟನ್ನಿನ ಲೆಕ್ಕವಲ್ಲ, ಕ್ವಿಂಟಲ್ ಎಂದೆ. ದರ ಹೇಳಿದೆ. ಸಾಗಾಟ ಸೇರಿಸಿ, ಯೂರೊಗೆ ತಿರುಗಿಸಿ, ಎರಡು ಸಲ ಗುಣಿಸಿ ನೋಡಿ ತಲೆ ಆಡಿಸಿದ.

“ಇಲ್ಲ ಅಣ್ಣ, ನಿಮ್ಮದು ಬಹಳ ದುಬಾರಿ.”

“ರಾಣಿಗೂ ಇವರು ಇದನ್ನೇ ಹೇಳಿರಬೇಕು” ಎಂದ ಮಾಮ, ಹೊಟ್ಟೆ ಹಿಡಿದುಕೊಂಡು. ಅಂಗಡಿಯವನಿಗೆ ಏನೂ ತಿಳಿಯದಿದ್ದರೂ ಜೊತೆಗೆ ನಕ್ಕು, ಒಳಗೆ ಕೂಗಿ ಎರಡು ಚಹಾ ತರಿಸಿದ. ಏಲಕ್ಕಿ ಹಾಕಿದ್ದ ಚಹಾ, ತೀರಾ ಸಿಹಿ. ಕುಡಿದು ಮುಗಿಸುವಷ್ಟರಲ್ಲಿ ಹೊತ್ತಾಗಿತ್ತು. ಚೀಲ ಎಳೆದುಕೊಂಡು ಮೆಟ್ರೊ ಕಡೆಗೆ ಓಡಿದೆವು.